ಊರಿನ ನೀರು, ಊರಿನ ದಂಡೆ

ಲೋಕದ ಹೆಸರಾಂತ ನಗರಗಳಲ್ಲಿ ಬಹುಪಾಲು ನದಿಗಳ ದಡದಲ್ಲಿಯೇ ಬೆಳೆದುವು. ಕಾಶಿಗೆ ಗಂಗೆ, ದಿಲ್ಲಿಗೆ ಯಮುನೆ, ಲಂಡನ್ನಿಗೆ ಥೇಮ್ಸ್, ಪ್ಯಾರಿಸಿಗೆ ಸೇನ್. ಕರ್ನಾಟಕದಲ್ಲಿಯೂ ಶಿವಮೊಗ್ಗವು ತುಂಗೆಯನ್ನು, ಹರಿಹರವು ತುಂಗಭದ್ರೆಯನ್ನು, ಶ್ರೀರಂಗಪಟ್ಟಣವು ಕಾವೇರಿಯನ್ನು ಆಶ್ರಯಿಸಿ ನಿಂತಿವೆ. ಬೆಂಗಳೂರಿಗೆ ಮಾತ್ರ ಈ ಭಾಗ್ಯವಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆನ್ನುಬಾಗಿದ ದಿಣ್ಣೆಯೊಂದರ ಮೇಲೆ ಈ ಊರು ಕುಳಿತಿದೆ. ದೂರದ ಬೆಟ್ಟದಲ್ಲಿ ಹುಟ್ಟಿ ಊರಿನೊಳಗೆ ಹರಿದುಬರುವ ಹೊಳೆ ಇಲ್ಲಿಗೆ ಬರುವಂತಿಲ್ಲ. ಬದಲಾಗಿ ಹೊಳೆಗಳೇ ಇಲ್ಲಿಂದ ಹೊರಟು ಹೋಗುತ್ತವೆ. ದಿಣ್ಣೆಯ ಪಶ್ಚಿಮದ ಇಳಿಜಾರಿನಲ್ಲಿ ಬಿದ್ದ ಮಳೆಯು ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಸಲ್ಲುತ್ತದೆ. ಪೂರ್ವದ ಇಳಿಜಾರಿನ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ವೃಷಭಾವತಿಯ ಮೂಲವು ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿದೆಯೆಂದು ಜನ ನಂಬುತ್ತಾರೆ. ಹೊಳೆಗೆ ಆ ಹೆಸರು ಬಂದುದೂ ಅದರಿಂದಲೇ.

ಹೀಗಿರುವುದರಿಂದ ಬೆಂಗಳೂರಿನವರು ನದೀತೀರವೆಂದು ಹೇಳಿಕೊಳ್ಳಬಹುದಾದದ್ದು ಎರಡೇ: ಕೆರೆಯ ದಂಡೆ, ಮತ್ತು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ನೀರನ್ನೊಯ್ಯುವ ರಾಜಕಾಲುವೆಯ ದಂಡೆ. ನಗರಗಳ ನದೀತೀರಗಳನ್ನು ಹೊಸದಾಗಿ ಕಟ್ಟುವ ಉತ್ಸಾಹವು ಈಗ ದೇಶವಿದೇಶಗಳಲ್ಲೆಲ್ಲ ಕಾಣುತ್ತಿದೆ. ಬೆಂಗಳೂರಿನಲ್ಲಿ ಆ ಉತ್ಸಾಹ ಯಾವ ರೂಪವನ್ನು ತಾಳಿತು, ಎಲ್ಲಿ ಫಲಿಸಿತು, ಎಲ್ಲಿ ಎಡವಿತು ಎಂಬುದನ್ನು ತಿಳಿಯಬೇಕಾದರೆ ನಗರದ ದಕ್ಷಿಣದಲ್ಲಿ ಕನಕಪುರ ರಸ್ತೆಗೆ ಅಂಟಿಕೊಂಡಿರುವ ಜರಗನಹಳ್ಳಿಯನ್ನು ನೋಡುವುದು ಒಳಿತು. ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಣ ಹಳ್ಳಿಯಾಗಿದ್ದ ಅದು ಇಂದು ಜಯಪ್ರಕಾಶ ನಗರದ ಬಡಾವಣೆಗಳ ನಡುವೆ ಮುಳುಗಿಹೋಗಿದೆ. 2017ರಿಂದ ಅದರ ನೆತ್ತಿಯ ಮೇಲೆ ಮೆಟ್ರೊ ರೈಲು ಓಡುತ್ತಿದೆ. ಊರಿನ ಮಗ್ಗುಲಲ್ಲಿಯೇ ಸುಮಾರು 80 ಎಕರೆಯ ಸಾರಕ್ಕಿ ಕೆರೆಯಿದೆ. ಜರಗನಹಳ್ಳಿ, ಸಾರಕ್ಕಿ, ಪುಟ್ಟೇನಹಳ್ಳಿ ಮೊದಲಾದ ಗ್ರಾಮಗಳ ಸರ್ವೆ ನಂಬರುಗಳಲ್ಲಿ ಹಂಚಿಹೋಗಿರುವ ಈ ಕೆರೆ ಯಾವುದೊಂದು ಗ್ರಾಮದ ಸ್ವತ್ತೂ ಆಗಿರಲಿಲ್ಲ. ಎಲ್ಲ ಗ್ರಾಮಗಳದೂ ಆಗಿತ್ತು.

ಕೆರೆಯೆಂಬುದು ನಿಸರ್ಗವು ಕೊಟ್ಟ ಸರೋವರವಲ್ಲ. ಅದು ಮನುಷ್ಯರು ಕಟ್ಟಿದ ಕಟ್ಟಡ. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಹಾಕಿ, ಒಳಮೈಗೆ ಕಲ್ಲು ಹೊದಿಸಿ, ನೀರನ್ನು ಬೇಕಾದಷ್ಟೇ ಬಿಡಲು ತೂಬನ್ನೂ ಹೆಚ್ಚಾದುದು ಏರಿಯನ್ನು ಒಡೆಯದೆ ಹೊರಹೋಗಲು ಕೋಡಿಯನ್ನೂ ಇಡುತ್ತಿದ್ದರು. ಒಂದು ಕೆರೆಯ ಕೋಡಿ ಹರಿದ ನೀರು ಕೆಳಗಿನ ಕೆರೆಗೆ ಒಳಹರಿವಾಗುತ್ತಿತ್ತು. ಹೀಗೆ ಸರಪಳಿಯಂತೆ ಪೋಣಿಸಿದ ಕೆರೆಗಳಿಗೆ ಬರದ ವರ್ಷದಲ್ಲಿಯೂ ಸ್ವಲ್ಪ ನೀರು ದಕ್ಕುತ್ತಿತ್ತು. ಅತಿವೃಷ್ಟಿಯ ವರ್ಷದಲ್ಲಿ ನೆರೆಯ ಹೊಡೆತ ತಗ್ಗುತ್ತಿತ್ತು. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ನೀರಗಂಟಿಯು ನಿರ್ಣಯಿಸುತ್ತಿದ್ದ. ಬೇಸಗೆಯಲ್ಲಿ ಕೆರೆಯಂಗಳ ಒಣಗಿದಾಗ ರೈತರು ಗೋಡುಮಣ್ಣನ್ನು ಗಾಡಿಗಳಲ್ಲಿ ಹೇರಿಕೊಂಡು ಹೋಗಿ ಹೊಲಕ್ಕೆ ಹರಡುತ್ತಿದ್ದರು. ಹೊಲಕ್ಕೆ ಗೊಬ್ಬರವೂ ಆಯಿತು, ಕೆರೆಯ ಹೂಳೂ ತೆಗೆದಂತಾಯಿತು. ಇಂದು ಹೂಳೆತ್ತಲು ಲಕ್ಷಗಟ್ಟಲೆ ಹಣವನ್ನು ಗುತ್ತಿಗೆದಾರರಿಗೆ ಕೊಡುವವರು ಈ ಲೆಕ್ಕವನ್ನೊಮ್ಮೆ ನೆನೆಯಬಹುದು.

ಈ ಕೆರೆಗಳ ದಂಡೆಯು ಕೆಲಸದ ಜಾಗವಾಗಿತ್ತು. ಅಗಸರು ಬಟ್ಟೆ ಒಗೆಯಲು, ಕುಂಬಾರರು ಜೇಡಿಮಣ್ಣು ತೆಗೆಯಲು, ಬೆಸ್ತರು ಬಲೆ ಬೀಸಲು, ದನಗಾಹಿಗಳು ರಾಸುಗಳ ಮೈ ತೊಳೆಯಲು ಅಲ್ಲಿಗೆ ಬರುತ್ತಿದ್ದರು. ಭಾದ್ರಪದದಲ್ಲಿ ಗಣಪನನ್ನು ಬಿಡಲು ಊರೇ ಬರುತ್ತಿತ್ತು. ಬೆಂಗಳೂರಿನ ಕರಗಕ್ಕೂ ಸಂಪಂಗಿ ಕೆರೆಗೂ ಇರುವ ನಂಟು ಎಷ್ಟು ಬಲವಾದುದೆಂದರೆ, ಕೆರೆಯನ್ನು ಬತ್ತಿಸಿ ಆ ನೆಲದಲ್ಲಿ ಕಂಠೀರವ ಕ್ರೀಡಾಂಗಣವನ್ನು ಕಟ್ಟಿದ ಮೇಲೆಯೂ ಕರಗದ ವಿಧಿಗಳಿಗಾಗಿ ಪುಟ್ಟ ಕೊಳವೊಂದನ್ನು ಉಳಿಸಬೇಕಾಯಿತು.

ಆದರೂ ಆ ಕಾಲವನ್ನು ಸುವರ್ಣಯುಗವೆಂದು ಬಗೆಯುವುದು ಸಲ್ಲದು. ದಂಡೆಗೆ ಬೇಲಿಯಿಲ್ಲದಿದ್ದರೂ ಜಾತಿಯ ಬೇಲಿಯಿತ್ತು. ಊರಿನ ಕೆರೆಯಲ್ಲಿ ದನಗಳು ನೀರು ಕುಡಿಯಬಹುದಾಗಿದ್ದರೂ ಅಸ್ಪೃಶ್ಯರೆನಿಸಿಕೊಂಡ ಮನುಷ್ಯರು ಕುಡಿಯುವಂತಿರಲಿಲ್ಲವೆಂಬ ದುಃಸ್ಥಿತಿ ಭಾರತದ ಎಷ್ಟೋ ಕಡೆ ಇದ್ದಿತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಮಹಾಡದ ಚವದಾರ್ ಕೆರೆಗೆ ನಡೆದು, ಬೊಗಸೆಯಲ್ಲಿ ನೀರನ್ನೆತ್ತಿ ಕುಡಿದುದು ಆ ಬೇಲಿಯನ್ನು ಮುರಿಯುವುದಕ್ಕಾಗಿಯೇ. ಸಾರ್ವಜನಿಕವಾದ ನೀರಿನ ಬಳಿಗೆ ಯಾರು ಬರಬಹುದೆಂಬ ಪ್ರಶ್ನೆ ಅಂದಿನಿಂದ ಕೇವಲ ಸೌಕರ್ಯದ ಪ್ರಶ್ನೆಯಾಗಿ ಉಳಿಯಲಿಲ್ಲ. ಅದು ನಾಗರಿಕ ಹಕ್ಕಿನ ಪ್ರಶ್ನೆಯೂ ಆಯಿತು.

ಬೆಂಗಳೂರಿನ ಕೆರೆಗಳು ಕೆಟ್ಟುದು ಹೇಗೆ? ಅದಕ್ಕೆ ಭೂಗಳ್ಳರನ್ನು ಮಾತ್ರ ಹೊಣೆ ಮಾಡುವುದು ಸುಲಭ. ಆದರೆ ಅದು ಅರ್ಧ ಸತ್ಯ. ಕೆರೆಗಳು ಕೆಲಸ ಕಳೆದುಕೊಂಡುದೇ ಮೊದಲ ಕಾರಣ. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಬೆಂಗಳೂರಿಗೆ ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ 1974ರಲ್ಲಿ ಕಾವೇರಿಯ ಮೊದಲನೆಯ ಹಂತವೂ ಸೇರಿದುವು. ಸುಮಾರು ನೂರು ಕಿಲೋಮೀಟರ್ ದೂರದಿಂದ ಯಂತ್ರಗಳು ಮೇಲೆತ್ತಿ ತರುವ ನೀರು ಮನೆಯ ನಲ್ಲಿಯಲ್ಲಿ ಬರುತ್ತಿರಲು, ಊರಿನ ಕೆರೆ ಯಾರಿಗೂ ಬೇಡವಾಯಿತು. ಬೇಡವಾದ ಕೆರೆ ಖಾಲಿ ನಿವೇಶನದಂತೆ ಕಾಣತೊಡಗಿತು. ಧರ್ಮಾಂಬುಧಿ ಕೆರೆಯು ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಶೂಲೆ ಕೆರೆಯ ನೆಲದಲ್ಲಿ ಕಾಲ್ಚೆಂಡಿನ ಕ್ರೀಡಾಂಗಣ ಎದ್ದಿತು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ವಸತಿ ಸಮುಚ್ಚಯವೇ ಮೇಲೆದ್ದಿತು. ಇವೆಲ್ಲವೂ ಸರ್ಕಾರದ ಕಾಮಗಾರಿಗಳು ಎಂಬುದನ್ನು ಮರೆಯುವಂತಿಲ್ಲ. ದೊಡ್ಡವರು ತುಳಿದ ಹಾದಿಯಲ್ಲಿ ಚಿಕ್ಕವರೂ ನಡೆದರು.

ಎರಡನೆಯ ಕಾರಣ ಇನ್ನೂ ಗಹನವಾದುದು. ಮನೆಗೆ ಬಂದ ನೀರು ಮನೆಯಿಂದ ಹೊರಗೂ ಹೋಗಬೇಕಷ್ಟೆ. ಸರಬರಾಜಾದ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಳಚೆಯಾಗಿ ಹೊರಬೀಳುವುದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. 2024ರ ಅಕ್ಟೋಬರಿನಲ್ಲಿ ಆರಂಭವಾದ ಕಾವೇರಿಯ ಐದನೆಯ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರು ನೀರನ್ನು ತರಲೆಂದು ಕಟ್ಟಿದುದು. ಎಂದರೆ ಅದರ ಬೆನ್ನಿಗೆ ದಿನಂಪ್ರತಿ ಸುಮಾರು 60 ಕೋಟಿ ಲೀಟರು ಕೊಳಚೆಯೂ ಹುಟ್ಟಬೇಕು. ಬಡಾವಣೆಗಳು ಬೆಳೆದ ವೇಗದಲ್ಲಿ ಒಳಚರಂಡಿಯ ಕೊಳವೆಗಳು ಬೆಳೆಯಲಿಲ್ಲ. ಕೊಳವೆಯಿಲ್ಲದ ಕಡೆ ಕೊಳಚೆಗೆ ಸಿಕ್ಕಿದ ದಾರಿ ರಾಜಕಾಲುವೆ. ಮಳೆಯ ನೀರಿಗೆಂದು ತೋಡಿದ ಕಾಲುವೆ ಹೀಗೆ ಹನ್ನೆರಡು ತಿಂಗಳೂ ಕಪ್ಪು ನೀರು ಹರಿಯುವ ಮೋರಿಯಾಯಿತು. ಸರಪಳಿಯ ಕೊನೆಯ ಕೊಂಡಿಗಳಲ್ಲೊಂದಾದ ಬೆಳ್ಳಂದೂರಿನ ಕೆರೆಯ ಕೋಡಿಯಲ್ಲಿ ಸಾಬೂನಿನ ನೊರೆ ಬೆಟ್ಟದಂತೆ ಎದ್ದು ರಸ್ತೆಗೆ ಹಾರಿದುದನ್ನು 2015ರಲ್ಲಿ ಲೋಕವೆಲ್ಲ ನೋಡಿತು. 2017ರಲ್ಲಿಯೂ 2018ರಲ್ಲಿಯೂ ಆ ಕೆರೆಗೆ ಬೆಂಕಿಯೇ ಹತ್ತಿತು. ನೀರಿಗೆ ಬೆಂಕಿ ಬೀಳುವುದೆಂಬುದು ಹಿಂದೆ ಗಾದೆಯ ಮಾತಿನಲ್ಲಿಯೂ ಅಸಂಭವವೆನಿಸುತ್ತಿತ್ತು.

ಅಧಿಕಾರಿಗಳಿಗೆ ಇದು ತಿಳಿಯದೆ ಇರಲಿಲ್ಲ. 1985ರಲ್ಲಿಯೇ ಸರ್ಕಾರವು ಎನ್. ಲಕ್ಷ್ಮಣ ರಾವ್ ಅವರ ಅಧ್ಯಕ್ಷತೆಯಲ್ಲಿ ಕೆರೆಗಳ ಸಂರಕ್ಷಣೆಗಾಗಿ ಸಮಿತಿಯೊಂದನ್ನು ನೇಮಿಸಿತ್ತು. ಉಳಿದಿರುವ ಕೆರೆಗಳನ್ನು ಒಡೆಯಬಾರದು, ಒತ್ತುವರಿಯನ್ನು ತೆರವು ಮಾಡಬೇಕು, ಕೊಳಚೆಯನ್ನು ಬೇರೆಡೆಗೆ ತಿರುಗಿಸಬೇಕು, ದಂಡೆಯಲ್ಲಿ ಮರಗಳನ್ನು ಬೆಳೆಸಬೇಕು ಎಂದು ಅದು ಸ್ಪಷ್ಟವಾಗಿ ಸಲಹೆ ಮಾಡಿತು. ವರದಿಯನ್ನು ಸರ್ಕಾರವು ಒಪ್ಪಿಕೊಂಡಿತು. ಒಪ್ಪಿಕೊಂಡುದು ಬೇರೆ, ನಡೆಸಿದುದು ಬೇರೆ.

ಸಾರಕ್ಕಿ ಕೆರೆಯ ಕಥೆ ಇಲ್ಲಿಂದ ಮುಂದಿನದು. ಕೆರೆಯ ಅಂಚು ವರ್ಷದಿಂದ ವರ್ಷಕ್ಕೆ ಒಳಸರಿಯಿತು. ಕಟ್ಟಡದ ಅವಶೇಷಗಳ ಮಣ್ಣನ್ನು ರಾತ್ರೋರಾತ್ರಿ ತಂದು ಸುರಿದು, ಗಟ್ಟಿಮಾಡಿ, ನಿವೇಶನಗಳಾಗಿ ಹಂಚಿ ಮಾರಿದವರಿದ್ದರು. ಅವುಗಳ ಮೇಲೆ ಮನೆಗಳು ಎದ್ದುವು, ಬಹುಮಹಡಿಯ ಕಟ್ಟಡಗಳೂ ಎದ್ದುವು. ವಿದ್ಯುತ್ತು ಬಂದಿತು, ನಲ್ಲಿ ಬಂದಿತು, ಕಂದಾಯದ ರಸೀದಿಯೂ ಬಂದಿತು. ಕೆರೆಯ ನೆಲದಲ್ಲಿ ಮೂವತ್ತು ಎಕರೆಗೂ ಹೆಚ್ಚು ಒತ್ತುವರಿಯಾಗಿತ್ತೆಂದು ಅಳತೆಯಿಂದ ತಿಳಿಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿರ್ದೇಶನದ ಬಳಿಕ 2015ರ ಏಪ್ರಿಲಿನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತವು ಪೊಲೀಸರ ಕಾವಲಿನಲ್ಲಿ ಯಂತ್ರಗಳನ್ನು ತಂದು ನಿಲ್ಲಿಸಿತು. ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಕಟ್ಟಡಗಳು ನೆಲಸಮವಾದುವು.

ಕೆರೆ ಉಳಿಯಿತೆಂದು ಹರ್ಷಿಸಿದವರು ಬಹುಮಂದಿ. ಹರ್ಷಕ್ಕೆ ಕಾರಣವೂ ಇದ್ದಿತು. ಆದರೆ ಯಂತ್ರದ ಎದುರಿಗೆ ನಿಂತು ಅತ್ತವರಲ್ಲಿ ಕೆರೆಯನ್ನು ನುಂಗಿದವರಿಗಿಂತ, ನುಂಗಿದವರಿಂದ ಕೊಂಡವರೇ ಹೆಚ್ಚಾಗಿದ್ದರು. ಜೀವಮಾನದ ಉಳಿತಾಯವನ್ನು ಸುರಿದು, ನೋಂದಣಿಯಾದ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದ ಸಂಸಾರಗಳು ಅವು. ಪತ್ರವನ್ನು ನೋಂದಾಯಿಸಿಕೊಂಡ ಕಚೇರಿಯೂ ಸರ್ಕಾರದ್ದು, ಮನೆಯನ್ನು ಕೆಡವಿದ ಯಂತ್ರವೂ ಸರ್ಕಾರದ್ದು. ಕೆರೆಯು ಸಾರ್ವಜನಿಕರ ಸ್ವತ್ತು, ಅದನ್ನು ಹಿಂದಕ್ಕೆ ಪಡೆಯಲೇಬೇಕು ಎಂಬ ನ್ಯಾಯವು ನಿಸ್ಸಂದೇಹವಾದುದು. ಅಷ್ಟೇ ನಿಸ್ಸಂದೇಹವಾದುದೇನೆಂದರೆ, ಆ ನ್ಯಾಯದ ಬೆಲೆಯನ್ನು ತೆತ್ತವರು ಮೊದಲು ತಪ್ಪು ಮಾಡಿದವರಲ್ಲ. ದಂಡೆಯನ್ನು ಮೊದಲೇ ಅಳೆದು, ಕಲ್ಲು ನೆಟ್ಟು, ಊರಿಗೆಲ್ಲ ಕಾಣುವಂತೆ ಗುರುತು ಹಾಕಿದ್ದರೆ ಈ ಸಂಕಟವೇ ಇರುತ್ತಿರಲಿಲ್ಲ. ನೀರಿನ ದಂಡೆಯ ಪುನರುಜ್ಜೀವನದ ಮೊದಲನೆಯ ಕೆಲಸ ಅಳತೆ. ಉದ್ಯಾನವೂ ದೀಪಾಲಂಕಾರವೂ ಅದರ ಬಹಳ ಹಿಂದೆ ಬರತಕ್ಕವು.

ಅನಂತರದ ವರ್ಷಗಳಲ್ಲಿ ಸಾರಕ್ಕಿ ಕೆರೆಯ ಸುತ್ತ ಬೇಲಿ ಬಂದಿತು. ಹೂಳನ್ನು ತೆಗೆದು ಏರಿಯನ್ನು ಬಲಪಡಿಸಿದರು, ಸುತ್ತಲೂ ನಡೆಯುವ ದಾರಿಯನ್ನು ಹಾಕಿದರು. ಕೊಳಚೆಯನ್ನು ಶುದ್ಧಿ ಮಾಡಲು ದಿನಕ್ಕೆ 50 ಲಕ್ಷ ಲೀಟರು ಸಾಮರ್ಥ್ಯದ ಘಟಕವೂ ಸಿದ್ಧವಾಯಿತು. ಇಂದು ಮುಂಜಾನೆ ಅಲ್ಲಿ ನಡೆಯಲು ಬರುವವರು ನೀರುಕಾಗೆಗಳನ್ನೂ ಬೆಳ್ಳಕ್ಕಿಗಳನ್ನೂ ಕಾಣಬಹುದು. ಕೆರೆ ಬದುಕಿದೆ. ಆದರೆ ಆರೋಗ್ಯವಂತವಾಗಿದೆಯೆಂದು ಹೇಳುವಂತಿಲ್ಲ. ಸುತ್ತಲ ಬಡಾವಣೆಗಳ ಕೊಳಚೆ ಕಾಲುವೆಗೆ ನುಗ್ಗಿದಾಗಲೆಲ್ಲ ಕೆರೆಗೂ ಅದರ ಪಾಲು ಸಲ್ಲುತ್ತದೆ.

ಬೇಲಿಯ ವಿಚಾರವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಬೇಲಿಯಿಲ್ಲದಿದ್ದರೆ ಮಣ್ಣು ಸುರಿಯುವ ಲಾರಿಗಳನ್ನು ತಡೆಯುವುದಕ್ಕಾಗದು. ಬೇಲಿ ಹಾಕಿದರೆ ಬಾಗಿಲು ಬರುತ್ತದೆ. ಬಾಗಿಲು ಬಂದರೆ ವೇಳೆ ಬರುತ್ತದೆ. ವೇಳೆ ಬಂದರೆ, ಯಾರಿಗಾಗಿ ಆ ವೇಳೆ ಎಂಬ ಪ್ರಶ್ನೆ ಏಳುತ್ತದೆ. ಬೆಳಗ್ಗೆ ಒಂದೆರಡು ಗಂಟೆ, ಸಂಜೆ ಒಂದೆರಡು ಗಂಟೆ ಬಾಗಿಲು ತೆರೆದರೆ ವ್ಯಾಯಾಮಕ್ಕೆ ಬರುವವರಿಗೆ ಅನುಕೂಲ. ಮಧ್ಯಾಹ್ನದ ಬಿಸಿಲಿನಲ್ಲಿ ಮರದ ನೆರಳನ್ನು ಹುಡುಕುವ ಗಾರೆಯ ಕೆಲಸದವನಿಗೆ, ಒಂದಷ್ಟು ಹುಲ್ಲನ್ನು ಕೊಯ್ಯಲು ಬರುವ ಹೆಂಗಸಿಗೆ, ಶಾಲೆ ಬಿಟ್ಟ ಮಕ್ಕಳಿಗೆ ಆ ಕೆರೆ ಕಂಬಿಯ ಆಚೆಗಿನ ಚಿತ್ರ. ಹಿಂದಿನ ಕೆರೆಯ ದಂಡೆ ದುಡಿಯುವವರದಾಗಿತ್ತು; ಇಂದಿನದು ವಿಹರಿಸುವವರದಾಗಿದೆ. ವಿಹಾರ ತಪ್ಪಲ್ಲ. ಆದರೆ ಅದೊಂದೇ ನೀರಿನ ಉಪಯೋಗವೆಂದು ಬಗೆದರೆ ಊರಿನ ಅರ್ಧ ಜನ ಹೊರಗುಳಿಯುತ್ತಾರೆ.

ಹಣದ ಬೇಲಿಯಂತೂ ಕಂಬಿಯ ಬೇಲಿಗಿಂತ ಎತ್ತರವಾದುದು. 2002ರಲ್ಲಿ ರಚಿತವಾದ ಕೆರೆ ಅಭಿವೃದ್ಧಿ ಪ್ರಾಧಿಕಾರವು, ನಿರ್ವಹಣೆಗೆ ಹಣವಿಲ್ಲವೆಂಬ ಕಾರಣದಿಂದ, ಹೆಬ್ಬಾಳ, ನಾಗವಾರ ಮೊದಲಾದ ಕೆಲವು ಕೆರೆಗಳನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಟ್ಟಿತು. ಕೆರೆಯನ್ನು ಅವರು ನೋಡಿಕೊಳ್ಳಬೇಕು, ದಂಡೆಯಲ್ಲಿ ಮನರಂಜನೆ ನಡೆಸಿ ಹಣ ಗಳಿಸಿಕೊಳ್ಳಬೇಕು ಎಂಬುದು ಒಪ್ಪಂದದ ತಿರುಳು. ನಾಗವಾರದ ದಂಡೆಯಲ್ಲಿ ಶುಲ್ಕ ತೆತ್ತು ಪ್ರವೇಶಿಸುವ ವಿಹಾರೋದ್ಯಾನ ಎದ್ದಿತು. ಊರಿನ ಕೆರೆಯನ್ನು ನೋಡಲು ಚೀಟಿ ಕೊಳ್ಳಬೇಕೆ ಎಂಬ ಪ್ರಶ್ನೆಯನ್ನೆತ್ತಿ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆಯು 2008ರಲ್ಲಿ ಉಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಸಲ್ಲಿಸಿತು. ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿಯು ವರದಿಯನ್ನು ಕೊಟ್ಟಿತು. 2012ರ ಏಪ್ರಿಲಿನಲ್ಲಿ ಬಂದ ತೀರ್ಪು ಕೆರೆಗಳ ರಕ್ಷಣೆಗಾಗಿ ಜಿಲ್ಲೆಗಳಲ್ಲಿ ಸಮಿತಿಗಳಿರಬೇಕೆಂದು ವಿಧಿಸಿತು. ಕೆರೆಯು ರಾಜ್ಯದ ಖಜಾನೆಯ ಸ್ವತ್ತಲ್ಲ, ಜನರ ಪರವಾಗಿ ರಾಜ್ಯವು ಕಾಪಾಡಬೇಕಾದ ಒತ್ತೆ ಎಂಬ ತತ್ತ್ವವೇ ಈ ವಾದದ ಬೆನ್ನೆಲುಬು. ಒತ್ತೆಯಿಟ್ಟ ಒಡವೆಯನ್ನು ಬಾಡಿಗೆಗೆ ಕೊಡುವ ಅಧಿಕಾರ ಕಾವಲುಗಾರನಿಗಿಲ್ಲ.

ಬೇರೆಡೆಯ ಅನುಭವಗಳೂ ಉಪಯುಕ್ತವಾಗಿವೆ. ಅಹಮದಾಬಾದಿನಲ್ಲಿ ಸಾಬರಮತಿಯ ಎರಡೂ ದಡಗಳಲ್ಲಿ ಸುಮಾರು 11 ಕಿಲೋಮೀಟರಿನ ವಿಹಾರಪಥವನ್ನು ಕಟ್ಟುವ ಕೆಲಸ 2005ರಲ್ಲಿ ಮೊದಲಾಯಿತು. 2012ರಲ್ಲಿ ಅದು ಜನರಿಗೆ ತೆರೆಯಿತು. ಹಿಂದೆ ಕೆಲವೆಡೆ ಅಗಲವಾಗಿಯೂ ಕೆಲವೆಡೆ ಕಿರಿದಾಗಿಯೂ ಇದ್ದ ಹೊಳೆಯನ್ನು ಕಾಂಕ್ರೀಟಿನ ಗೋಡೆಗಳ ನಡುವೆ 263 ಮೀಟರಿನ ಒಂದೇ ಅಗಲಕ್ಕೆ ತಂದರು. ವರ್ಷದ ಬಹುಭಾಗ ಮರಳಾಗಿರುತ್ತಿದ್ದ ಪಾತ್ರದಲ್ಲಿ ಈಗ ನೀರು ತುಂಬಿ ನಿಂತಿದೆ; ಅದು ನರ್ಮದೆಯ ನಾಲೆಯಿಂದ ತಂದ ನೀರು. ನಡೆಯಲು ವಿಶಾಲವಾದ ದಾರಿಯಿದೆ, ಎಲ್ಲ ವರ್ಗದ ಜನರೂ ಸಂಜೆ ಅಲ್ಲಿ ಸೇರುತ್ತಾರೆ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ದಡದಲ್ಲಿ ಗುಡಿಸಲು ಹಾಕಿಕೊಂಡಿದ್ದ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಊರಿನ ಹೊರಅಂಚುಗಳಿಗೆ ಸಾಗಬೇಕಾಯಿತು. ದಡದ ಮರಳಿನಲ್ಲಿ ಭಾನುವಾರ ನಡೆಯುತ್ತಿದ್ದ ಹಳೆಯ ಗುಜರಿ ಸಂತೆಗೆ ಮಾತ್ರ, ವ್ಯಾಪಾರಿಗಳು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, ಹೊಸ ದಂಡೆಯಲ್ಲಿಯೇ ಕಟ್ಟೆಗಳು ದೊರೆತುವು. ಕೇಳಿದವರಿಗೆ ಜಾಗ ಸಿಕ್ಕಿತು.

ದಕ್ಷಿಣ ಕೊರಿಯಾದ ಸೋಲ್ ನಗರದ್ದು ಇನ್ನೊಂದು ಬಗೆ. ಅಲ್ಲಿನ ಚಂಗ್ಯೆಚನ್ ಎಂಬ ತೊರೆಯು ಕೊಳೆತು ನಾರುತ್ತಿದ್ದುದರಿಂದ ಅದನ್ನು ಕಾಂಕ್ರೀಟಿನಿಂದ ಮುಚ್ಚಿ, ಮೇಲೆ ಎತ್ತರದ ಹೆದ್ದಾರಿಯನ್ನು ಕಟ್ಟಿದ್ದರು. 2003ರಲ್ಲಿ ಆ ಹೆದ್ದಾರಿಯನ್ನೇ ಕೆಡವಿ, 2005ರ ಅಕ್ಟೋಬರಿನಲ್ಲಿ 5.8 ಕಿಲೋಮೀಟರಿನ ತೊರೆಯನ್ನು ಮತ್ತೆ ಬೆಳಕಿಗೆ ತಂದರು. ಊರಿನ ನಡುವೆ ತಂಪು ಬಂದಿತು, ಮೀನು ಬಂದಿತು, ಜನ ಬಂದರು. ತೊರೆಯ ನೀರು ಮಾತ್ರ ಬಹುಮಟ್ಟಿಗೆ ಹಾನ್ ನದಿಯಿಂದ ಯಂತ್ರಗಳು ಎತ್ತಿ ತಂದುದು. ವಿದ್ಯುತ್ತು ನಿಂತ ದಿನ ತೊರೆಯೂ ನಿಲ್ಲುತ್ತದೆ. ಇದನ್ನು ನದಿಯೆನ್ನಬೇಕೋ ಕಾರಂಜಿಯೆನ್ನಬೇಕೋ ಎಂಬ ಚರ್ಚೆ ಅಲ್ಲಿಯ ಪರಿಸರವಾದಿಗಳಲ್ಲಿ ನಡೆಯಿತು.

ಬೆಂಗಳೂರಿನಲ್ಲಿ ಇವುಗಳಿಗೆ ಸಮೀಪವಾದ ಪ್ರಯತ್ನವೆಂದರೆ ಕೋರಮಂಗಲ ಕಣಿವೆಯ ರಾಜಕಾಲುವೆಯದು. ಧರ್ಮಾಂಬುಧಿ ಕೆರೆಯಿದ್ದ ಮೆಜೆಸ್ಟಿಕ್ಕಿನ ಕಡೆಯಿಂದ ಹೊರಟು, ಕೃಷ್ಣರಾಜ ಮಾರುಕಟ್ಟೆ, ಶಾಂತಿನಗರ, ಈಜಿಪುರಗಳ ಮೂಲಕ ಬೆಳ್ಳಂದೂರಿನತ್ತ ಸಾಗುವ ಈ ಕಾಲುವೆಯ ಉದ್ದ ಹನ್ನೊಂದು ಕಿಲೋಮೀಟರಿಗೂ ಹೆಚ್ಚು. ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ಮಾರ್ಗದರ್ಶನದಲ್ಲಿ ಅದನ್ನು 'ನಾಗರಿಕರ ಜಲಮಾರ್ಗ'ವನ್ನಾಗಿ ಮಾಡುವ ಯೋಜನೆಯು ಕೆ-100 ಎಂಬ ಹೆಸರಿನಲ್ಲಿ ಸಿದ್ಧವಾಯಿತು. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2021ರ ಸುಮಾರಿಗೆ ಕೆಲಸವನ್ನು ಕೈಗೊಂಡಿತು. ಅಂದಾಜು ವೆಚ್ಚ ನೂರೈವತ್ತು ಕೋಟಿ ರೂಪಾಯಿಗಳನ್ನು ಮೀರಿತ್ತು. ಕೊಳಚೆಯ ಕೊಳವೆಗಳನ್ನು ಕಾಲುವೆಯಿಂದ ಬೇರ್ಪಡಿಸಿ, ಶುದ್ಧೀಕರಿಸಿದ ನೀರನ್ನು ಹರಿಸಿ, ದಂಡೆಯಲ್ಲಿ ನಡಿಗೆಯ ದಾರಿ, ಕಾಲುಸೇತುವೆ, ಗಿಡಮರಗಳನ್ನು ನಿರ್ಮಿಸಬೇಕೆಂಬುದು ಉದ್ದೇಶ. ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಮೋರಿಯು ಶಾಂತಿನಗರದ ಸುತ್ತಮುತ್ತ ಹೊಸ ರೂಪವನ್ನು ಪಡೆದುದನ್ನು ಕಂಡು ಜನ ಅಚ್ಚರಿಪಟ್ಟರು. ಆದರೆ ಕೆಲಸದ ಗಡುವುಗಳು ಒಂದಾದ ಮೇಲೊಂದು ಮೀರಿದುವು. ಮೇಲಿನ ಬೀದಿಗಳಿಂದ ಕೊಳಚೆ ಮತ್ತೆ ಮತ್ತೆ ಒಳಬಂದಿತು. ಕಾಲುವೆಗೆ ಸೇರುವ ನೂರಾರು ಸಣ್ಣ ಮೋರಿಗಳಲ್ಲಿ ಒಂದೆರಡನ್ನು ಬಿಟ್ಟರೂ ದಂಡೆಯ ಮೇಲಿನ ಹೂಗಿಡಗಳು ದುರ್ನಾತವನ್ನು ಮರೆಸಲಾರವು. ಯೋಜನೆಯನ್ನು ಹಳಿಯುವುದಕ್ಕೆ ಇದನ್ನು ಹೇಳಿದುದಲ್ಲ. ನೀರಿನ ದಂಡೆಯ ಕೆಲಸವು ದಂಡೆಯಲ್ಲಿ ಆರಂಭವಾಗುವುದಿಲ್ಲ, ಎಲ್ಲಿಯೋ ಮೇಲಿನ ಮನೆಯ ಬಚ್ಚಲಿನಲ್ಲಿ ಆರಂಭವಾಗುತ್ತದೆ ಎಂಬುದು ಇಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಬಚ್ಚಲಿನ ನೀರನ್ನು ಕೆರೆಗೆ ಯೋಗ್ಯವಾಗಿ ಮಾಡುವ ಬಗೆ ವಿಜ್ಞಾನಕ್ಕೆ ತಿಳಿಯದ್ದೇನಲ್ಲ. ಮೊದಲು ಕಸಕಡ್ಡಿಗಳನ್ನು ಜಾಲರಿಯಲ್ಲಿ ತಡೆದು, ಮರಳನ್ನೂ ಮಡ್ಡಿಯನ್ನೂ ತೊಟ್ಟಿಗಳಲ್ಲಿ ತಳಕ್ಕೆ ಇಳಿಸುತ್ತಾರೆ. ಅನಂತರ ಗಾಳಿಯನ್ನು ಊದಿ ಅಣುಜೀವಿಗಳನ್ನು ಬೆಳೆಸುತ್ತಾರೆ. ನೀರಿನಲ್ಲಿ ಕರಗಿರುವ ಹೊಲಸನ್ನು ಅವು ತಿಂದುಹಾಕುತ್ತವೆ. ಇಷ್ಟಾದರೂ ಸಾರಜನಕ, ರಂಜಕಗಳು ಬಹುಮಟ್ಟಿಗೆ ಉಳಿದೇ ಇರುತ್ತವೆ. ಕೆರೆಯಲ್ಲಿ ಅಂತರಗಂಗೆಯು ಹಸುರು ಚಾಪೆಯಂತೆ ಹಬ್ಬುವುದು ಇವುಗಳ ಬಲದಿಂದಲೇ. ಅದಕ್ಕಾಗಿ ಶುದ್ಧಿ ಘಟಕಕ್ಕೂ ಕೆರೆಗೂ ನಡುವೆ ಜೊಂಡು ಬೆಳೆದ ತೇವಭೂಮಿಯೊಂದಿದ್ದರೆ ಒಳಿತು. ನೀರು ಅಲ್ಲಿ ನಿಧಾನವಾಗಿ ಹರಿಯುತ್ತಿರಲು ಜೊಂಡಿನ ಬೇರುಗಳು ಉಳಿದ ಸತ್ತ್ವವನ್ನು ಹೀರಿಕೊಳ್ಳುತ್ತವೆ. ಉತ್ತರ ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ, ದಿನಕ್ಕೆ ಒಂದು ಕೋಟಿ ಲೀಟರಿನ ಘಟಕ, ಅದರ ಕೆಳಗೆ ಜೊಂಡಿನ ತೇವಭೂಮಿ, ಅದರಾಚೆ ಕೆರೆ ಎಂಬ ಈ ಕ್ರಮವನ್ನೇ ಅನುಸರಿಸಿದರು. ಅಲ್ಲಿ ಬೆಸ್ತರು ಮೀನು ಹಿಡಿಯುವುದನ್ನೂ ನಿಲ್ಲಿಸಲಿಲ್ಲ.

ಜರಗನಹಳ್ಳಿಗೆ ಹತ್ತಿರದ ಪುಟ್ಟೇನಹಳ್ಳಿ ಕೆರೆಯು ಬೇರೊಂದು ಪಾಠವನ್ನು ಕಲಿಸುತ್ತದೆ. ಅದರ ವಿಸ್ತಾರ ಹದಿಮೂರು ಎಕರೆ ಮಾತ್ರ. ಸುತ್ತಲೂ ಕಟ್ಟಡಗಳೆದ್ದು ಮಳೆನೀರಿನ ದಾರಿಗಳು ಮುಚ್ಚಿಹೋದುದರಿಂದ ಕೆರೆ ಒಣಗುತ್ತಿತ್ತು. 2010ರಲ್ಲಿ ಲೇಖಕಿ ಉಷಾ ರಾಜಗೋಪಾಲನ್ ಮೊದಲಾದ ನೆರೆಹೊರೆಯವರು ಸೇರಿ ಟ್ರಸ್ಟೊಂದನ್ನು ಕಟ್ಟಿದರು. ಮರುವರ್ಷ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ನಿರ್ವಹಣೆಯನ್ನು ವಹಿಸಿಕೊಂಡರು. ಗಿಡ ನೆಟ್ಟರು, ಕಳೆ ಕಿತ್ತರು, ಬಂದ ಹಕ್ಕಿಗಳನ್ನು ಎಣಿಸಿ ಬರೆದಿಟ್ಟರು. ಮಳೆಯ ನೀರು ಸಾಲದಾದಾಗ ಪಕ್ಕದ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ನೀರನ್ನು ಕೆರೆಗೆ ಹರಿಸುವ ಏರ್ಪಾಡನ್ನು ಮಾಡಿದರು. ಕೆರೆಯನ್ನು ಕೆಡಿಸಿದ ಬಹುಮಹಡಿಯ ಮನೆಗಳೇ ಹೀಗೆ ಕೆರೆಗೆ ನೀರೂಡಿಸತೊಡಗಿದುವು. ಹಿಂದಿನ ನೀರಗಂಟಿಯ ಕೆಲಸವನ್ನು ಅಲ್ಲಿ ನೆರೆಹೊರೆಯವರೇ ಸರದಿಯಂತೆ ಮಾಡುತ್ತಿದ್ದಾರೆನ್ನಬೇಕು. ಹಾಗೆಂದು ಎಲ್ಲ ಕೆರೆಗಳನ್ನೂ ಬಿಡುವಿರುವ ಸ್ಥಿತಿವಂತರ ಒಳ್ಳೆಯತನಕ್ಕೆ ಒಪ್ಪಿಸಿ ಸರ್ಕಾರವು ಕೈತೊಳೆದುಕೊಳ್ಳುವಂತಿಲ್ಲ. ಅಂತಹ ನೆರೆಯಿಲ್ಲದ ಕೆರೆಗಳೇ ಹೆಚ್ಚು.

ದಂಡೆಯ ಅಗಲ ಎಷ್ಟಿರಬೇಕೆಂಬ ವಾದವೂ ತೀರಿಲ್ಲ. ನೀರಿನ ಅಂಚಿನಿಂದ ಇಂತಿಷ್ಟು ದೂರದವರೆಗೆ ಕಟ್ಟಡ ಕೂಡದೆಂಬ ನಿಯಮಕ್ಕೆ ಸ್ಪಷ್ಟವಾದ ಕಾರಣವಿದೆ. ಮಳೆಗಾಲದಲ್ಲಿ ಕೆರೆ ಹಿಗ್ಗಲು ಜಾಗ ಬೇಕು. ಹರಿದುಬರುವ ನೀರನ್ನು ಸೋಸಲು ಹುಲ್ಲುನೆಲ ಬೇಕು. ಜನ ನಡೆಯಲು, ಯಂತ್ರಗಳು ಬಂದು ಹೂಳೆತ್ತಲು ದಾರಿ ಬೇಕು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ಬೆಂಗಳೂರಿನ ಕೆರೆಗಳಿಗೆ 75 ಮೀಟರ್, ದೊಡ್ಡ ರಾಜಕಾಲುವೆಗಳಿಗೆ 50 ಮೀಟರ್ ಮೀಸಲು ವಲಯವಿರಬೇಕೆಂದು ಆದೇಶಿಸಿತು. ನಗರದ ಮಹಾಯೋಜನೆಯಲ್ಲಿ ಕೆರೆಗಳಿಗೆ ಇದ್ದುದು 30 ಮೀಟರ್. ಕಾನೂನಿನಲ್ಲಿ ಇಲ್ಲದ ಅಳತೆಯನ್ನು ಮಂಡಲಿಯು ತಾನಾಗಿ ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚಿನಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಮೀಟರುಗಳು ಕಾಗದದ ಮೇಲೆ ಹೀಗೆ ಹಿಗ್ಗಿ ಕುಗ್ಗಿದುವು. ನೀರಿಗೆ ಆ ಕಾಗದಗಳ ಪರಿಚಯವಿಲ್ಲ. 2022ರ ಮಳೆಗಾಲದಲ್ಲಿ ಬೆಂಗಳೂರಿನ ಪೂರ್ವಭಾಗದ ಶ್ರೀಮಂತರ ಬಡಾವಣೆಗಳಿಗೆ ನೆರೆ ನುಗ್ಗಿ, ಜನರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ನೀರು ತನ್ನ ಹಳೆಯ ದಾರಿಯಲ್ಲಿಯೇ ಬಂದಿತ್ತು.

ಜರಗನಹಳ್ಳಿಯ ಬೀದಿಗಳಲ್ಲಿ ಬಿದ್ದ ಮಳೆ ಈಗಲೂ ತಗ್ಗನ್ನು ಹುಡುಕಿಕೊಂಡು ಸಾರಕ್ಕಿ ಕೆರೆಯತ್ತ ಹೊರಡುತ್ತದೆ. ಅಲ್ಲಿಂದ ಕೋಡಿ ಹರಿದುದು ಪೂರ್ವದ ಕಣಿವೆಯನ್ನು ಹಿಡಿದು ಬೆಳ್ಳಂದೂರು, ವರ್ತೂರುಗಳನ್ನು ದಾಟಿ ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡನ್ನು ಹೊಕ್ಕು, ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. 2018ರಿಂದ ಈ ಕಣಿವೆಯ ಕೊಳಚೆಯ ಒಂದು ಪಾಲನ್ನು ಶುದ್ಧೀಕರಿಸಿ, ಬರಪೀಡಿತ ಕೋಲಾರ ಜಿಲ್ಲೆಯ ಕೆರೆಗಳಿಗೆ ಕೊಳವೆಗಳಲ್ಲಿ ಕಳುಹಿಸುತ್ತಿದ್ದಾರೆ. ಅಲ್ಲಿ ಎಷ್ಟೋ ವರ್ಷಗಳಿಂದ ಒಣಗಿದ್ದ ಕೆರೆಗಳು ತುಂಬಿವೆ, ಬಾವಿಗಳಲ್ಲಿ ನೀರು ಮೇಲೇರಿದೆ. ಆ ನೀರು ಇನ್ನೂ ಒಂದು ಹಂತ ಹೆಚ್ಚು ಶುದ್ಧವಾಗಿ ಬರಬೇಕೆಂದು ಕೋಲಾರದ ರೈತರು ಕೇಳುತ್ತಲೇ ಇದ್ದಾರೆ.